213 ದಿನ ಸೊನ್ನೆ, 213 ದಿನ ಎರಡು

2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ವಿಧಾನಸೌಧದ ಮುಂದೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 2019ರ ಜುಲೈ 23ರಂದು ವಿಧಾನಸಭೆಯಲ್ಲಿ ವಿಶ್ವಾಸಮತ ಸೋತರು. ಈ ಎರಡು ದಿನಾಂಕಗಳ ನಡುವೆ ಇರುವುದು 426 ದಿನ. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ನಡೆಸಿದ ಆ ಸಮ್ಮಿಶ್ರ ಸರ್ಕಾರದ ಇಡೀ ಆಯಸ್ಸು ಅಷ್ಟೇ.

ಆ ಸಂಪುಟಕ್ಕೆ ಆಗಿನ ಅಖಂಡ ಬಳ್ಳಾರಿ ಜಿಲ್ಲೆಯ ಶಾಸಕರು ಕಾಲಿಟ್ಟದ್ದು 2018ರ ಡಿಸೆಂಬರ್ 22ರಂದು. ಸಂಡೂರಿನ ಇ. ತುಕಾರಾಂ ಮತ್ತು ಹೂವಿನಹಡಗಲಿಯ ಪಿ.ಟಿ. ಪರಮೇಶ್ವರ ನಾಯ್ಕ ಅಂದು ಸಚಿವರಾದರು. ಮೇ 23ರಿಂದ ಡಿಸೆಂಬರ್ 22ರವರೆಗೆ ದಿನ ಎಣಿಸಿ: 213. ಡಿಸೆಂಬರ್ 22ರಿಂದ ಮುಂದಿನ ಜುಲೈ 23ರವರೆಗೆ ಎಣಿಸಿ: ಅದೂ 213. ತೂಕದ ಕಲ್ಲು ಇಟ್ಟು ಅಳೆದ ಹಾಗೆ ಸರ್ಕಾರದ ಆಯಸ್ಸಿನ ನಟ್ಟನಡುವೆ ಬಿದ್ದ ದಿನ ಅದು. ಮೊದಲ ಅರ್ಧದಲ್ಲಿ ಬಳ್ಳಾರಿಗೆ ಸಚಿವರು ಸೊನ್ನೆ, ಎರಡನೆಯ ಅರ್ಧದಲ್ಲಿ ಇಬ್ಬರು. ಯಾರೂ ಹೀಗೆ ಯೋಜಿಸಿದ್ದಲ್ಲ. ಸರ್ಕಾರ ಯಾವಾಗ ಬೀಳುತ್ತದೆ ಎಂದು ಪ್ರಮಾಣವಚನದ ದಿನ ಯಾರಿಗೆ ಗೊತ್ತಿರುತ್ತದೆ? ಆದರೂ ಈ ಸಮಪಾಲು ಕಣ್ಣಿಗೆ ಬಿದ್ದಾಗ ಬೆರಗಾಗುತ್ತದೆ. ಸಮ್ಮಿಶ್ರ ಸಂಪುಟ ಎಂಬುದು ಎಂಥ ಸಣ್ಣ ಸಣ್ಣ ಸಂಖ್ಯೆಗಳ ಮೇಲೆ ನಿಂತ ಎಷ್ಟು ದೊಡ್ಡ ಕಟ್ಟಡ ಎಂಬುದನ್ನು ಸಂಡೂರಿನ ಕಡೆಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ಒಂದು ರೈಲು ನಿಲ್ದಾಣವಿದೆ. ಹೊಸಪೇಟೆ ಕಡೆಯಿಂದ ಸ್ವಾಮಿಹಳ್ಳಿಗೆ ಹೋಗುವ ಆ ಮಾರ್ಗ ಅದಿರಿನ ಮಾರ್ಗ. ಮೈತ್ರಿ ಸರ್ಕಾರ ಇದ್ದ ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಳು ವರ್ಷಕ್ಕೆ ತೆಗೆಯಬಹುದಾದ ಅದಿರಿಗೆ ಸುಪ್ರೀಂ ಕೋರ್ಟ್ ಹಾಕಿದ್ದ ಮಿತಿ 2.8 ಕೋಟಿ ಟನ್. ಒಂದು ಗೂಡ್ಸ್ ರೈಲು ಸುಮಾರು 4,000 ಟನ್ ಹೊರುತ್ತದೆ ಎಂದು ಹಿಡಿದರೆ, ಆ ಮಿತಿಯಷ್ಟನ್ನೂ ರೈಲಿನಲ್ಲೇ ಸಾಗಿಸಲು ವರ್ಷಕ್ಕೆ 7,000 ರೈಲು ಬೇಕು, ದಿನಕ್ಕೆ 19. ಅದರಲ್ಲಿ ದೊಡ್ಡ ಪಾಲು ಹುಟ್ಟುವುದು ಸಂಡೂರಿನ ಬೆಟ್ಟಗಳಲ್ಲಿ. ಇಷ್ಟು ಭಾರ ಹೊರುವ ನೆಲಕ್ಕೆ ಬೆಂಗಳೂರಿನ ಸಂಪುಟದಲ್ಲಿ ಎಷ್ಟು ತೂಕವಿತ್ತು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಕುರ್ಚಿಗಳ ಲೆಕ್ಕ. ಸಂವಿಧಾನದ 91ನೇ ತಿದ್ದುಪಡಿ, 2003ರದ್ದು, ಮುಖ್ಯಮಂತ್ರಿಯೂ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಒಟ್ಟು ಸದಸ್ಯರ ಶೇ 15ನ್ನು ಮೀರಬಾರದು ಎನ್ನುತ್ತದೆ. ಕರ್ನಾಟಕದಲ್ಲಿ ಚುನಾಯಿತರು 224. 2018ರಲ್ಲಿ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬ ನಾಮಕರಣ ಸದಸ್ಯರೂ ಇದ್ದರು, ಹಾಗಾಗಿ 225. ಅದರ ಶೇ 15 ಎಂದರೆ 33.75. 2020ರಲ್ಲಿ ನಾಮಕರಣದ ಸ್ಥಾನ ರದ್ದಾಯಿತು, ಈಗ 224ರ ಶೇ 15, ಅಂದರೆ 33.6. ಮುಕ್ಕಾಲು ಸಚಿವ, ಅರ್ಧ ಸಚಿವ ಎಂದು ಯಾರೂ ಇರುವುದಿಲ್ಲವಲ್ಲ, ರೂಢಿಯಲ್ಲಿ ಅದು 34 ಆಗಿ ನಿಂತಿದೆ. 34 ಎಂದರೆ 225ರಲ್ಲಿ ಶೇ 15.11, 224ರಲ್ಲಿ ಶೇ 15.18. ಆ ಚೂರುಪಾರು ಭಿನ್ನರಾಶಿಯ ಮೇಲೆ ಒಂದು ಪೂರ್ತಿ ಮಂತ್ರಿಗಿರಿ, ಒಂದು ಸರ್ಕಾರಿ ಕಾರು, ಒಂದು ಇಲಾಖೆ ನಿಂತಿದೆ.

ಈ ಮಿತಿ ಬರುವ ಮುನ್ನ ದೇಶದಲ್ಲಿ ಏನಾಗಿತ್ತು ಎಂದು ಗೊತ್ತಿದ್ದವರಿಗೆ 34 ಹೆಚ್ಚು ಎನಿಸುವುದಿಲ್ಲ. 1997ರಲ್ಲಿ ಉತ್ತರ ಪ್ರದೇಶದಲ್ಲಿ ಬೇರೆ ಪಕ್ಷ ಒಡೆದು ಬಂದವರನ್ನೂ ಕಟ್ಟಿಕೊಂಡು ಕಲ್ಯಾಣ್ ಸಿಂಗ್ ಕಟ್ಟಿದ ಸಂಪುಟದಲ್ಲಿ 93 ಸಚಿವರಿದ್ದರು. ಆಗ ಅಲ್ಲಿಯ ವಿಧಾನಸಭೆಯ ಬಲ 425. ಹೆಚ್ಚುಕಡಿಮೆ ಐವರು ಸದಸ್ಯರಿಗೆ ಒಬ್ಬ ಸಚಿವ. ಅದೇ ಪ್ರಮಾಣ ಕರ್ನಾಟಕಕ್ಕೆ ಹಾಕಿದ್ದರೆ ನಮ್ಮಲ್ಲಿ 49 ಸಚಿವರು ಇರಬೇಕಿತ್ತು. ಸಣ್ಣ ರಾಜ್ಯಗಳಿಗೆ ಕಾನೂನು ಕನಿಷ್ಠ 12 ಸಚಿವರನ್ನು ಬಿಟ್ಟುಕೊಟ್ಟಿದೆ. 40 ಸದಸ್ಯರ ಗೋವಾದಲ್ಲಿ 12 ಎಂದರೆ ಶೇ 30. 32 ಸದಸ್ಯರ ಸಿಕ್ಕಿಂನಲ್ಲಿ 12 ಎಂದರೆ ಶೇ 37.5. ಸಿಕ್ಕಿಂನ ಅಳತೆಯಲ್ಲಿ ನಮ್ಮ ವಿಧಾನಸೌಧಕ್ಕೆ 84 ಸಚಿವರು ಬೇಕಾಗುತ್ತಿತ್ತು.

ಆದರೆ ಕುರ್ಚಿ 34 ಎಂಬುದಕ್ಕಿಂತ ದೊಡ್ಡ ಬೆರಗು ಆ ಕುರ್ಚಿ ಯಾರ ಪಾಲಿಗೆ ಎಷ್ಟು ಹತ್ತಿರ ಎಂಬುದರಲ್ಲಿದೆ.

2018ರ ಮೇ 15ರಂದು ಫಲಿತಾಂಶ ಬಂದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಬಿಎಸ್‌ಪಿ 1, ಕೆಪಿಜೆಪಿ 1, ಪಕ್ಷೇತರ 1. ಎರಡು ಕ್ಷೇತ್ರಗಳ ಮತದಾನ ಬಾಕಿ ಇತ್ತು. ಮತದ ಲೆಕ್ಕದಲ್ಲಿ ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36ರ ಆಸುಪಾಸು, ಜೆಡಿಎಸ್‌ಗೆ ಶೇ 18ರಷ್ಟು. ಹೆಚ್ಚು ಮತ ಪಡೆದ ಪಕ್ಷಕ್ಕೆ ಸ್ಥಾನದಲ್ಲಿ ಎರಡನೆಯ ಜಾಗ, ಮೂರನೆಯ ಜಾಗದಲ್ಲಿದ್ದ ಪಕ್ಷಕ್ಕೆ ಮುಖ್ಯಮಂತ್ರಿ ಗಾದಿ. ಮೇ 17ರ ಬೆಳಿಗ್ಗೆ ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪ ಮೇ 19ರ ಸಂಜೆ ರಾಜೀನಾಮೆ ಕೊಟ್ಟರು. ಆ ಸರ್ಕಾರವನ್ನು ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ ಅಳೆಯಬೇಕು. ಬಳಿಕ 117 ಶಾಸಕರ ಬೆಂಬಲದೊಂದಿಗೆ ಮೈತ್ರಿ ಸರ್ಕಾರ ಬಂತು. ಪೂರ್ಣ ಸದನದಲ್ಲಿ ಬೇಕಾಗುವ ಬಹುಮತ 113. ಆರು ಕೋಟಿ ಹತ್ತು ಲಕ್ಷ ಜನರ ರಾಜ್ಯ ನಾಲ್ಕು ಶಾಸಕರ ಅಂತರದ ಮೇಲೆ ನಿಂತಿತು.

ಒಪ್ಪಂದದಂತೆ 34ರಲ್ಲಿ ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12. ನಿಗಮ ಮಂಡಳಿಗಳಲ್ಲೂ ಮೂರನೇ ಎರಡು ಪಾಲು ಕಾಂಗ್ರೆಸ್ಸಿಗೆ, ಒಂದು ಪಾಲು ಜೆಡಿಎಸ್‌ಗೆ. ಈಗ ಭಾಗಿಸಿ ನೋಡಿ. ಬಾಕಿ ಇದ್ದ ಎರಡೂ ಕ್ಷೇತ್ರಗಳನ್ನು ಗೆದ್ದ ಮೇಲೆ ಕಾಂಗ್ರೆಸ್ 80. ಕಾಂಗ್ರೆಸ್ಸಿನಲ್ಲಿ ಒಂದು ಕುರ್ಚಿಗೆ 3.6 ಶಾಸಕರು. ಜೆಡಿಎಸ್‌ನಲ್ಲಿ ಒಂದು ಕುರ್ಚಿಗೆ ಮೂವರು. ಬಿಎಸ್‌ಪಿಯ ಒಬ್ಬರೇ ಶಾಸಕ, ಕೊಳ್ಳೇಗಾಲದ ಎನ್. ಮಹೇಶ್, ಸಚಿವರಾದರು: ನೂರಕ್ಕೆ ನೂರು. ಕೆಪಿಜೆಪಿಯ ಒಬ್ಬರೇ ಶಾಸಕ, ರಾಣೆಬೆನ್ನೂರಿನ ಆರ್. ಶಂಕರ್, ಸಚಿವರಾದರು: ನೂರಕ್ಕೆ ನೂರು. ಒಬ್ಬರೇ ಪಕ್ಷೇತರ, ಮುಳಬಾಗಿಲಿನ ಎಚ್. ನಾಗೇಶ್, ಕೊನೆಗಾಲದಲ್ಲಿ ಸಚಿವರಾದರು: ನೂರಕ್ಕೆ ನೂರು. ಪಕ್ಷ ಸಣ್ಣದಾದಷ್ಟೂ ಕುರ್ಚಿ ಹತ್ತಿರ. ಬೆನ್ನಿಗೆ 80 ಜನರಿದ್ದವನು ಸಾಲಿನಲ್ಲಿ ನಿಂತ, ಒಬ್ಬನೇ ಬಂದವನು ಸಾಲು ದಾಟಿ ಒಳಗೆ ಹೋದ.

ಇದು 2018ರಲ್ಲೇ ಹುಟ್ಟಿದ ಲೆಕ್ಕವೇನಲ್ಲ. 2008ರಲ್ಲಿ ಬಿಜೆಪಿ 110ಕ್ಕೆ ನಿಂತಿತು, ಬಹುಮತಕ್ಕೆ ಮೂರು ಕಡಿಮೆ. ಗೆದ್ದಿದ್ದ ಪಕ್ಷೇತರರು ಆರು ಮಂದಿ. ಅವರಲ್ಲಿ ಐವರು ಸಚಿವರಾದರು. ಅದೇ ಸಂಪುಟದಲ್ಲಿ ಬಳ್ಳಾರಿಯ ಹೆಸರಿನಲ್ಲಿ ಗುರುತಿಸಿಕೊಂಡ ಮೂವರು ಸಚಿವರಿದ್ದರು: ಜಿ. ಜನಾರ್ದನ ರೆಡ್ಡಿ, ಜಿ. ಕರುಣಾಕರ ರೆಡ್ಡಿ, ಬಿ. ಶ್ರೀರಾಮುಲು. ಆ ಚುನಾವಣೆಯಲ್ಲಿ ಜಿಲ್ಲೆಯ ಒಂಬತ್ತು ಕ್ಷೇತ್ರಗಳಲ್ಲಿ ಎಂಟು ಬಿಜೆಪಿಗೆ ಹೋಗಿದ್ದವು. ಉಳಿದ ಒಂದೇ ಒಂದು, ಸಂಡೂರು. ಅಲ್ಲಿ ಗೆದ್ದವರು ಕಾಂಗ್ರೆಸ್ಸಿನ ತುಕಾರಾಂ. ಎಂಟಕ್ಕೆ ಎದುರಾಗಿ ಒಂಟಿಯಾಗಿ ನಿಂತ ಕ್ಷೇತ್ರವನ್ನು ಹತ್ತು ವರ್ಷದ ಬಳಿಕ ಅದೇ ಪಕ್ಷದ ಸರ್ಕಾರ 213 ದಿನ ಹೊರಗೇ ನಿಲ್ಲಿಸಿತ್ತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಹೊರಗೆ ನಿಂತದ್ದು ಸಂಡೂರು ಒಂದೇ ಅಲ್ಲ. 2018ರಲ್ಲಿ ಜಿಲ್ಲೆಯ ಒಂಬತ್ತರಲ್ಲಿ ಆರು ಕಾಂಗ್ರೆಸ್ ಗೆದ್ದಿತ್ತು: ಸಂಡೂರು, ಬಳ್ಳಾರಿ ಗ್ರಾಮಾಂತರ, ಕಂಪ್ಲಿ, ಹೊಸಪೇಟೆಯನ್ನು ಒಳಗೊಂಡ ವಿಜಯನಗರ, ಹಗರಿಬೊಮ್ಮನಹಳ್ಳಿ, ಹಡಗಲಿ. ಜೂನ್ 6ರಂದು ರಾಜಭವನದಲ್ಲಿ 25 ಮಂದಿ ಪ್ರಮಾಣವಚನ ಸ್ವೀಕರಿಸಿದರು: ಕಾಂಗ್ರೆಸ್ಸಿನ 14, ಜೆಡಿಎಸ್‌ನ 9, ಬಿಎಸ್‌ಪಿ ಮತ್ತು ಕೆಪಿಜೆಪಿಯ ಒಬ್ಬೊಬ್ಬರು. ಮೊದಲೇ ಇದ್ದ ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಸೇರಿ 27. ಪಟ್ಟಿಯ ಉದ್ದಕ್ಕೂ ಬೆರಳಿಟ್ಟು ಹುಡುಕಿದರೂ ಬಳ್ಳಾರಿ ಜಿಲ್ಲೆಯ ಒಂದು ಹೆಸರೂ ಸಿಗುವುದಿಲ್ಲ. ಒಬ್ಬ ಸದಸ್ಯನ ಪಕ್ಷಕ್ಕೆ ಒಂದು, ಆರು ಜನರನ್ನು ಕಳಿಸಿದ ಜಿಲ್ಲೆಗೆ ಸೊನ್ನೆ.

ಇನ್ನೂ ಒಂದು ಸಂಖ್ಯೆ ಆ ಪಟ್ಟಿಯಲ್ಲಿತ್ತು, ಅದು ನನ್ನನ್ನು ಇಂದಿಗೂ ಕಾಡುತ್ತದೆ. 27ರಲ್ಲಿ ಮಹಿಳೆ ಒಬ್ಬರೇ, ಜಯಮಾಲಾ. ಅವರೂ ವಿಧಾನ ಪರಿಷತ್ತಿನಿಂದ ಬಂದವರು. ಆಮೇಲೆ ಸಂಪುಟ ಹಿಗ್ಗಿದರೂ ಎರಡನೆಯ ಮಹಿಳೆ ಬರಲಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಹೆಣ್ಣುಮಕ್ಕಳು 3 ಕೋಟಿಗೂ ಹೆಚ್ಚು. ಅವರ ಪಾಲಿಗೆ 426 ದಿನಗಳಲ್ಲಿ ಸಿಕ್ಕಿದ್ದು ಒಂದೇ ಕುರ್ಚಿ.

ಈ ಭಾಗಕ್ಕೆ ಸೊನ್ನೆ ಎಂದರೆ ಏನರ್ಥ ಎಂದು ಖಾತೆಗಳ ಕಡೆ ನೋಡಿದರೆ ತಿಳಿಯುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಬದುಕು ನಿಂತಿರುವುದು ನಾಲ್ಕರ ಮೇಲೆ: ಬೆಟ್ಟದ ಅದಿರು, ತುಂಗಭದ್ರೆಯ ನೀರು, ಹಂಪಿಗೆ ಬರುವ ಜನ, ತೋರಣಗಲ್ಲಿನ ಉಕ್ಕು. ಗಣಿ ಮತ್ತು ಭೂವಿಜ್ಞಾನ ಖಾತೆ ಹುಮನಾಬಾದಿನ ರಾಜಶೇಖರ ಪಾಟೀಲರ ಬಳಿ ಇತ್ತು. ಜಲಸಂಪನ್ಮೂಲ ಕನಕಪುರದ ಡಿ.ಕೆ. ಶಿವಕುಮಾರ್ ಬಳಿ. ಪ್ರವಾಸೋದ್ಯಮ ಕೆ.ಆರ್. ನಗರದ ಸಾ.ರಾ. ಮಹೇಶ್ ಬಳಿ. ಬೃಹತ್ ಕೈಗಾರಿಕೆ ಬೆಂಗಳೂರಿನ ಕೆ.ಜೆ. ಜಾರ್ಜ್ ಬಳಿ. ಜಿಲ್ಲಾ ಉಸ್ತುವಾರಿಯೂ ಶಿವಕುಮಾರ್ ಅವರದೇ. ಸಚಿವರು ಇಡೀ ರಾಜ್ಯಕ್ಕೆ ಸಚಿವರು, ಅದು ಸರಿ. ಗಣಿ ಇರುವ ಊರಿನವರೇ ಗಣಿ ಸಚಿವರಾಗಬೇಕು ಎಂದು ನಾನು ಹೇಳುವುದಿಲ್ಲ. ಹಾಗಾದಾಗ ಏನಾಗಬಹುದು ಎಂಬ ಭಯವನ್ನು ಈ ಜಿಲ್ಲೆಯೇ ಎಲ್ಲರಿಗಿಂತ ಚೆನ್ನಾಗಿ ಬಲ್ಲದು. ಆದರೆ ನಾಲ್ಕು ಖಾತೆ, ಒಂದು ಉಸ್ತುವಾರಿ, ಇಷ್ಟೂ ಬೇರೆ ಜಿಲ್ಲೆಗಳ ಕೈಯಲ್ಲಿದ್ದಾಗ, ಸಂಪುಟದ ಮೇಜಿನ ಸುತ್ತ ಈ ನೆಲದ ಧೂಳು ಕುಡಿದ ಒಬ್ಬರಾದರೂ ಇರಬೇಕಿತ್ತು ಎಂದು ಬಯಸುವುದು ಅತಿಯಾಸೆಯಲ್ಲ.

ಹಾಗೆಂದು ಬಳ್ಳಾರಿಯ ಮತದಾರರು ಮುನಿಸಿಕೊಂಡು ಕೂತಿರಲಿಲ್ಲ. 2018ರ ನವೆಂಬರ್ 3ರಂದು ಲೋಕಸಭೆಯ ಉಪಚುನಾವಣೆ ನಡೆಯಿತು. ಜಿಲ್ಲೆಗೆ ಇನ್ನೂ ಒಬ್ಬ ಸಚಿವರೂ ಇಲ್ಲದ ಹೊತ್ತು ಅದು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳ ಅಂತರದಿಂದ ಗೆದ್ದರು. ಆ ಗೆಲುವಿನ ಮರುತಿಂಗಳು ಸಂಪುಟ ವಿಸ್ತರಣೆಯಲ್ಲಿ ಇಬ್ಬರು ಸಚಿವರಾದರು. ಈಗ ಮುಂದಿನದನ್ನು ನೋಡಿ. 2019ರ ಮೇ 23ರಂದು, ಸರ್ಕಾರಕ್ಕೆ ಒಂದು ವರ್ಷ ತುಂಬಿದ ದಿನವೇ, ಲೋಕಸಭೆಯ ಫಲಿತಾಂಶ ಬಂತು. ಅದೇ ಬಳ್ಳಾರಿಯಲ್ಲಿ ಅದೇ ಉಗ್ರಪ್ಪನವರನ್ನು ಬಿಜೆಪಿಯ ವೈ. ದೇವೇಂದ್ರಪ್ಪ 55,707 ಮತಗಳಿಂದ ಸೋಲಿಸಿದರು. ಗೆಲುವಿನ ಅಂತರ ಮತ್ತು ಸೋಲಿನ ಅಂತರ ಕೂಡಿಸಿದರೆ 2,98,868. ಏಳು ತಿಂಗಳೊಳಗೆ ಸುಮಾರು ಮೂರು ಲಕ್ಷ ಮತಗಳ ಏರಿಳಿತ. ಸಚಿವರು ಸೊನ್ನೆ ಇದ್ದಾಗ ಎರಡೂವರೆ ಲಕ್ಷದ ಹತ್ತಿರ ಮುನ್ನಡೆ, ಇಬ್ಬರಿದ್ದಾಗ ಅರ್ಧ ಲಕ್ಷಕ್ಕೂ ಮೀರಿದ ಹಿನ್ನಡೆ! ದೇಶದ ಗಾಳಿ ಬೇರೆ ಕಡೆಗೆ ಬೀಸಿತ್ತು ಎಂಬುದು ದೊಡ್ಡ ಕಾರಣ. ರಾಜ್ಯದ 28ರಲ್ಲಿ ಮೈತ್ರಿಕೂಟಕ್ಕೆ ಸಿಕ್ಕಿದ್ದು ಎರಡೇ. ಆದರೆ ಕುರ್ಚಿಯಿಂದ ಮತ ಬರುತ್ತದೆ ಎಂದು ನಂಬಿ ಕುರ್ಚಿ ಹಂಚುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಡಿಸೆಂಬರ್ 22ರ ವಿಸ್ತರಣೆಗೆ ಮರಳುತ್ತೇನೆ, ಏಕೆಂದರೆ ಸಮ್ಮಿಶ್ರ ಸಂಪುಟದ ಒಳಗಣಿತ ಪೂರ್ತಿ ಬಿಚ್ಚಿಕೊಂಡದ್ದು ಅಲ್ಲಿ. ಕಾಂಗ್ರೆಸ್ಸಿನ ಪಾಲಿನಲ್ಲಿ ಆರು ಕುರ್ಚಿ ಖಾಲಿ ಇದ್ದವು. ಪಕ್ಷ ಇಬ್ಬರು ಸಚಿವರನ್ನು ಕೈಬಿಟ್ಟಿತು, ರಮೇಶ ಜಾರಕಿಹೊಳಿ ಮತ್ತು ಕಾಂಗ್ರೆಸ್ಸಿನ ಪಾಲಿನಲ್ಲೇ ಸಚಿವರಾಗಿದ್ದ ಆರ್. ಶಂಕರ್. ಹಾಗಾಗಿ ಎಂಟು ಜಾಗ. ಎಂಟು ಜನ ಬಂದರು: ಸತೀಶ ಜಾರಕಿಹೊಳಿ, ಎಂ.ಬಿ. ಪಾಟೀಲ, ಸಿ.ಎಸ್. ಶಿವಳ್ಳಿ, ಎಂ.ಟಿ.ಬಿ. ನಾಗರಾಜ್, ರಹೀಂ ಖಾನ್, ಆರ್.ಬಿ. ತಿಮ್ಮಾಪುರ ಮತ್ತು ಬಳ್ಳಾರಿ ಜಿಲ್ಲೆಯ ಇಬ್ಬರು. ಎಂಟರಲ್ಲಿ ಎರಡು ಒಂದೇ ಜಿಲ್ಲೆಗೆ. ಅಷ್ಟು ದಿನ ತಡೆದಿಟ್ಟಿದ್ದನ್ನು ಒಮ್ಮೆಗೇ ಕೊಟ್ಟ ಹಾಗೆ.

ಲೆಕ್ಕದ ನ್ಯಾಯ ಹೇಳುವುದಾದರೆ ಎರಡು ಎಂಬುದು ಸರಿಯಾದ ಸಂಖ್ಯೆಯೇ. 80ರಲ್ಲಿ ಆರು ಎಂದರೆ ಶೇ 7.5, 22 ಕುರ್ಚಿಗಳಲ್ಲಿ ಶೇ 7.5 ಎಂದರೆ 1.65. ಜನಸಂಖ್ಯೆಯಿಂದ ನೋಡಿದರೆ ಆಗಿನ ಜಿಲ್ಲೆಯ 24.5 ಲಕ್ಷ ಜನ ರಾಜ್ಯದ ಶೇ 4. 34ರಲ್ಲಿ ಶೇ 4 ಎಂದರೆ 1.36. ಎರಡು ಸಿಕ್ಕಿತು ಎಂದರೆ ಪಾಲಿಗಿಂತ ತುಸು ಹೆಚ್ಚೇ. ಆದರೆ ಪಾಲನ್ನು ದಿನದಲ್ಲಿ ಅಳೆದರೆ? ಅರ್ಧ ಕಾಲ ಸೊನ್ನೆ, ಅರ್ಧ ಕಾಲ ಎರಡು, ಸರಾಸರಿ ಒಂದು. ಪಾಲನ್ನು ಕುರ್ಚಿಗಳಲ್ಲಿ ಎಣಿಸಿ ಪಟ್ಟಿ ಸರಿದೂಗಿಸುವುದು ಸುಲಭ. ಕಳೆದುಹೋದ ದಿನಗಳನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ.

ಸಿಕ್ಕ 213 ದಿನಗಳೂ ಪೂರ್ತಿ ಸಿಕ್ಕಿದವಲ್ಲ. ತುಕಾರಾಂ ಅವರಿಗೆ ವೈದ್ಯಕೀಯ ಶಿಕ್ಷಣ ಖಾತೆ ಬಂತು. ಅದುವರೆಗೆ ಅದೂ ಶಿವಕುಮಾರ್ ಬಳಿ ಇದ್ದ ಖಾತೆ. ಬಳ್ಳಾರಿಯಲ್ಲಿ ಆಗ ವಿಮ್ಸ್ ಎಂಬ ಹೆಸರಿದ್ದ ಆಸ್ಪತ್ರೆ ಆ ಇಲಾಖೆಗೆ ಸೇರಿದ್ದು, ಸಂಡೂರು ಕಡೆಯ ಬಡವರು ದೊಡ್ಡ ಕಾಯಿಲೆ ಬಂದರೆ ನೆಚ್ಚಿಕೊಳ್ಳುವ ಆಸ್ಪತ್ರೆ. ಖಾತೆ ಹಂಚಿಕೆಗೆ ಕೆಲವು ದಿನ ಹಿಡಿಯಿತು. 2019ರ ಮಾರ್ಚ್ 10ರಂದು ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಅದು ಮುಗಿಯುವಷ್ಟರಲ್ಲಿ ಮೇ ಕೊನೆಯ ವಾರ. ಎರಡೂವರೆ ತಿಂಗಳು ಹೊಸ ಆದೇಶಕ್ಕೆ ಕೈಕಟ್ಟು. ಜುಲೈ 1ರಿಂದ ರಾಜೀನಾಮೆಗಳ ಸುರಿಮಳೆ. ಇವನ್ನೆಲ್ಲ ಕಳೆದರೆ ಕೈಗೆ ಉಳಿಯುವುದು ಹೆಚ್ಚುಕಡಿಮೆ 105 ದಿನ, ಭಾನುವಾರ, ಹಬ್ಬ ಎಲ್ಲ ಸೇರಿ. ಫೆಬ್ರುವರಿ 8ರಂದು ಮಂಡನೆಯಾದ ಆ ವರ್ಷದ ಬಜೆಟ್ ಗಾತ್ರ 2,34,153 ಕೋಟಿ ರೂಪಾಯಿ. 224 ಕ್ಷೇತ್ರಗಳಿಗೆ ಸುಮ್ಮನೆ ಭಾಗಿಸಿದರೂ ಒಂದೊಂದಕ್ಕೆ 1,045 ಕೋಟಿ. ಅಷ್ಟು ಹಣದ ಸರ್ಕಾರದಲ್ಲಿ ಒಂದು ಇಲಾಖೆಯನ್ನು ಅರಿತು, ಕಡತ ಓದಿ, ಆಸ್ಪತ್ರೆ ಸುತ್ತಿ, ಏನಾದರೂ ನೆಟ್ಟಗೆ ಮಾಡಲು ನೂರೈದು ದಿನ!

ಕಡಿಮೆ ದಿನಗಳ ಪಟ್ಟಿಯಲ್ಲಿ ಇದು ಮೊದಲನೆಯದೂ ಅಲ್ಲ. 2019ರ ಜೂನ್ 14ರಂದು ಸರ್ಕಾರ ಉಳಿಸಿಕೊಳ್ಳಲು ಶಂಕರ್ ಅವರನ್ನು ಮತ್ತೆ ಕರೆತಂದು, ನಾಗೇಶ್ ಅವರನ್ನೂ ಸೇರಿಸಿ ಪ್ರಮಾಣವಚನ ಬೋಧಿಸಲಾಯಿತು. ಜುಲೈ 8ರಂದು ಇಬ್ಬರೂ ರಾಜೀನಾಮೆ ಕೊಟ್ಟು ಹೊರಟರು. 24 ದಿನ. ಇನ್ನೂ ಹಿಂದೆ ಹೋದರೆ, 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಇಪ್ಪತ್ತಿಪ್ಪತ್ತು ತಿಂಗಳು ಎಂದು ಅಧಿಕಾರ ಹಂಚಿಕೊಂಡಾಗ, ಎರಡನೆಯ ಸರದಿಯಲ್ಲಿ ಯಡಿಯೂರಪ್ಪನವರಿಗೆ ದಕ್ಕಿದ್ದು 2007ರ ನವೆಂಬರ್ 12ರಿಂದ 19ರವರೆಗೆ, ಏಳು ದಿನ. ಅದಕ್ಕೂ ಮುಂಚಿನ ಧರ್ಮಸಿಂಗ್ ಸಮ್ಮಿಶ್ರ ಸರ್ಕಾರದಲ್ಲಿ ಸಿದ್ದರಾಮಯ್ಯ ಹೊರಬಿದ್ದ ಮೇಲೆ ಉಪಮುಖ್ಯಮಂತ್ರಿಯಾದವರು ಹಡಗಲಿಯ ಎಂ.ಪಿ. ಪ್ರಕಾಶ್. 2005ರ ಆಗಸ್ಟ್‌ನಲ್ಲಿ ಬಂದ ಆ ಪದವಿ ಮುಂದಿನ ಜನವರಿಗೆ ಮುಗಿಯಿತು. ಬಳ್ಳಾರಿ ಜಿಲ್ಲೆಯ ರಾಜಕಾರಣಿಗಳಲ್ಲಿ ರಂಗಭೂಮಿ, ಸಾಹಿತ್ಯ, ಆಡಳಿತ ಮೂರರಲ್ಲೂ ಆಳ ಕಂಡವರು ಅವರು. ಅಂಥವರಿಗೂ ಸಮ್ಮಿಶ್ರದ ಗಣಿತ ಆರು ತಿಂಗಳು ತುಂಬಲು ಬಿಡಲಿಲ್ಲ. ಹೊರಗಿನ ಲೋಕದಲ್ಲೂ ಇದೇ ಬಗೆಯ ಅಳತೆಗಳಿವೆ: 2010ರ ಜೂನ್ ಚುನಾವಣೆಯ ಬಳಿಕ ಬೆಲ್ಜಿಯಂ ದೇಶದಲ್ಲಿ ಆರು ಪಕ್ಷಗಳು ಕೂಡಿ ಸರ್ಕಾರ ರಚಿಸಲು 541 ದಿನ ಹಿಡಿಯಿತು. ಅವರು ಮಾತುಕತೆಗೆ ತೆಗೆದುಕೊಂಡ ಸಮಯದಲ್ಲಿ ನಮ್ಮ ಮೈತ್ರಿ ಸರ್ಕಾರ ಹುಟ್ಟಿ, ನಡೆದು, ಬಿದ್ದು, ಇನ್ನೂ 115 ದಿನ ಮಿಗುತ್ತಿತ್ತು.

ಮತ್ತೊಂದು ಲೆಕ್ಕ. 34 ಕುರ್ಚಿಗಳು ಎಂದೆನಲ್ಲ, ಅವು ಒಂದು ದಿನವೂ ಪೂರ್ತಿ ತುಂಬಲಿಲ್ಲ. ಜೂನ್‌ನಲ್ಲಿ 27. ಅಕ್ಟೋಬರ್‌ನಲ್ಲಿ ಎನ್. ಮಹೇಶ್ ರಾಜೀನಾಮೆಯಿಂದ 26. ಡಿಸೆಂಬರ್‌ನಲ್ಲಿ 32. ಮಾರ್ಚ್ 22ರಂದು ಸಿ.ಎಸ್. ಶಿವಳ್ಳಿ ಅಕಾಲದಲ್ಲಿ ತೀರಿಕೊಂಡಾಗ 31. ಜೂನ್ 14ರ ನಂತರ 33. ಅಲ್ಲಿಗೆ ನಿಂತಿತು. ಜೆಡಿಎಸ್ ಪಾಲಿನ ಕೊನೆಯ ಕುರ್ಚಿಯನ್ನು ಯಾರಿಗೂ ಕೊಡಲಿಲ್ಲ. ಖಾಲಿ ಕುರ್ಚಿ ಒಂದಿದ್ದರೆ ಹಲವರು ಆಸೆಯಿಂದ ಕಾಯುತ್ತಾರೆ, ತುಂಬಿದರೆ ಒಬ್ಬನ ಹೊರತು ಉಳಿದವರೆಲ್ಲ ಅತೃಪ್ತರು. ಹೊಸಪೇಟೆಯ ಜನಕ್ಕೆ 33 ಎಂಬ ಸಂಖ್ಯೆ ಚಿರಪರಿಚಿತ, ತುಂಗಭದ್ರಾ ಅಣೆಕಟ್ಟಿನ ಕ್ರಸ್ಟ್ ಗೇಟುಗಳು ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರ ಜೀವ ಬಾಯಿಗೆ ಬಂದಿತ್ತು. ಉಳಿದ 32 ಗಟ್ಟಿಯಾಗಿದ್ದರೂ ಒಂದು ಜಾಗ ಸಡಿಲವಾದರೆ ಸಾಕು.

2019ರ ಜುಲೈ 1ರಂದು ಆ ಒಂದು ಜಾಗ ಹೊಸಪೇಟೆಯೇ ಆಯಿತು. ವಿಜಯನಗರ ಕ್ಷೇತ್ರದ ಶಾಸಕ ಆನಂದ್ ಸಿಂಗ್ ರಾಜೀನಾಮೆ ಕೊಟ್ಟರು. ಅದೇ ದಿನ ರಮೇಶ ಜಾರಕಿಹೊಳಿ ಕೂಡ. ಆನಂದ್ ಸಿಂಗ್ ಎತ್ತಿದ ವಿಷಯ ಜಿಂದಾಲ್ ಭೂಮಿಯದು. ಸಂಡೂರು ತಾಲ್ಲೂಕಿನ ತೋರಣಗಲ್ಲು ಸುತ್ತಮುತ್ತ 3,667 ಎಕರೆಯನ್ನು ಉಕ್ಕಿನ ಕಂಪನಿಗೆ ಮಾರಿಕೊಡಲು ಸಂಪುಟ 2019ರ ಮೇ 27ರಂದು ನಿರ್ಧರಿಸಿತ್ತು. 3,667 ಎಕರೆ ಎಂದರೆ ಸುಮಾರು ಹದಿನೈದು ಚದರ ಕಿಲೋಮೀಟರ್. ವಿಶ್ವ ಪರಂಪರೆಯ ತಾಣವೆಂದು ಗುರುತಿಸಿದ ಹಂಪಿಯ ವಿಸ್ತಾರ ಸುಮಾರು 42 ಚದರ ಕಿಲೋಮೀಟರ್. ಅದರ ಮೂರನೇ ಒಂದಕ್ಕಿಂತ ಹೆಚ್ಚು ನೆಲ ಇದು. ನಿರ್ಧಾರ ಮಾಡಿದ ಸಂಪುಟದಲ್ಲಿ ಆ ತಾಲ್ಲೂಕಿನ ಶಾಸಕರು ಸಚಿವರಾಗಿದ್ದರು, ಅದನ್ನು ವಿರೋಧಿಸಿ ಹೊರನಡೆದವರು ಪಕ್ಕದ ಕ್ಷೇತ್ರದ ಶಾಸಕರು, ಇಬ್ಬರದೂ ಒಂದೇ ಪಕ್ಷ. ವಿರೋಧದಿಂದಾಗಿ ಸರ್ಕಾರ ವಿಷಯವನ್ನು ಉಪಸಮಿತಿಗೆ ಒಪ್ಪಿಸಿತ್ತು, ಆದರೆ ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

ಅಕ್ಕಪಕ್ಕದ ಮೂರು ಕ್ಷೇತ್ರಗಳು, ಒಂದೇ ಪಕ್ಷದ ಮೂವರು ಶಾಸಕರು, 426 ದಿನಗಳಲ್ಲಿ ಮೂರು ದಾರಿ ಹಿಡಿದರು. ಸಂಡೂರಿನವರು ಸಚಿವರಾದರು. ಹೊಸಪೇಟೆಯವರು ರಾಜೀನಾಮೆ ಕೊಟ್ಟರು. ಕಂಪ್ಲಿಯ ಜೆ.ಎನ್. ಗಣೇಶ್, 2019ರ ಜನವರಿಯಲ್ಲಿ ಶಾಸಕರನ್ನೆಲ್ಲ ಬಿಡದಿ ಬಳಿಯ ರೆಸಾರ್ಟಿಗೆ ಕರೆದೊಯ್ದಿದ್ದಾಗ ನಡೆದ ಗಲಾಟೆಯ ಬಳಿಕ, ಆನಂದ್ ಸಿಂಗ್ ಮೇಲೆ ಹಲ್ಲೆ ಮಾಡಿದ ಆರೋಪದ ಪ್ರಕರಣ ಎದುರಿಸಿ ಪಕ್ಷದಿಂದ ಅಮಾನತಾದರು. ಆನಂದ್ ಸಿಂಗ್ ಆಸ್ಪತ್ರೆ ಸೇರಿದ್ದರು. ಶಾಸಕರು ಬೇರೆ ಪಕ್ಷಕ್ಕೆ ಹೋಗದಂತೆ ಕಾಯಲು ಹೂಡಿದ ಬಿಡಾರದಲ್ಲೇ ನೆರೆಹೊರೆಯ ಕ್ಷೇತ್ರದ ಇಬ್ಬರು ಹೀಗಾದರು ಎಂಬುದು, ನಾಲ್ಕು ಶಾಸಕರ ಅಂತರ ಎಷ್ಟು ಜನರ ನೆಮ್ಮದಿ ಕೆಡಿಸುತ್ತದೆ ಎಂಬುದಕ್ಕೆ ಸಾಕ್ಷಿ.

ಮುಂದಿನದು ವೇಗವಾಗಿ ನಡೆಯಿತು. ಜುಲೈ 23ರಂದು ಸರ್ಕಾರದ ಪರ 99, ವಿರುದ್ಧ 105. ಸಭಾಧ್ಯಕ್ಷ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ಜುಲೈ 26ರಂದು ಮುಖ್ಯಮಂತ್ರಿಯಾದ ಯಡಿಯೂರಪ್ಪ ಆಗಸ್ಟ್ 20ರವರೆಗೆ 25 ದಿನ ಒಬ್ಬರೇ ಸಂಪುಟವಾಗಿದ್ದರು. ಆ ಆಗಸ್ಟ್‌ನಲ್ಲೇ ರಾಜ್ಯದ ಉತ್ತರ ಭಾಗ ನೆರೆಯಲ್ಲಿ ಮುಳುಗಿತ್ತು. 34 ಕುರ್ಚಿ, ಒಬ್ಬ ಮನುಷ್ಯ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿ 15ರಲ್ಲಿ 12 ಗೆದ್ದಿತು, ಗೆದ್ದವರಲ್ಲಿ ಅನರ್ಹರಾಗಿದ್ದವರು ಹನ್ನೊಂದು ಮಂದಿ. 2020ರ ಫೆಬ್ರುವರಿ 6ರಂದು ಆ ಹನ್ನೊಂದರಲ್ಲಿ ಹತ್ತು ಮಂದಿ ಸಚಿವರಾದರು, ಆನಂದ್ ಸಿಂಗ್ ಅವರೊಬ್ಬರು. ಮೈತ್ರಿ ಸರ್ಕಾರದ ಕಾಂಗ್ರೆಸ್ಸಿನಲ್ಲಿ ಉಳಿದವರಿಗೆ 3.6ರಲ್ಲಿ ಒಂದು, ಬಿಟ್ಟು ಬಂದು ಗೆದ್ದವರಿಗೆ ಹನ್ನೊಂದರಲ್ಲಿ ಹತ್ತು. ನಿಷ್ಠೆಗೆ ಕಡಿಮೆ ಬೆಲೆ, ನಿರ್ಗಮನಕ್ಕೆ ಹೆಚ್ಚು ಬೆಲೆ ಕಟ್ಟುವ ಈ ಭಾಗಾಕಾರ ಯಾವ ಪಕ್ಷದ್ದಾದರೂ ಮತದಾರನಿಗೆ ಮಾಡಿದ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಆ ಅಂಕಗಣಿತ ಕೊನೆಗೆ ಭೂಪಟವನ್ನೂ ಬದಲಿಸಿತು. ಸಚಿವರಾದ ಆನಂದ್ ಸಿಂಗ್ ಪ್ರತ್ಯೇಕ ಜಿಲ್ಲೆಗೆ ಪಟ್ಟು ಹಿಡಿದರು. 2021ರ ಫೆಬ್ರುವರಿ 8ರಂದು ಅಧಿಸೂಚನೆ ಹೊರಟು ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯಿತು. ಹೊಸಪೇಟೆ ಅದರ ಕೇಂದ್ರ, ಒಟ್ಟು ಆರು ತಾಲ್ಲೂಕು. ಹಂಪಿ ಆ ಕಡೆಗೆ ಹೋಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಯಶವಂತನಗರದ ಅದಿರಿನ ರೈಲು ಹೊಸಪೇಟೆ ಮುಟ್ಟಬೇಕಾದರೆ ಈಗ ಜಿಲ್ಲೆಯ ಗಡಿ ದಾಟಬೇಕು. ಸಂಪುಟ ರಚಿಸುವವರ ಮುಂದೆ ಇರುವುದು 31 ಜಿಲ್ಲೆ, 34 ಕುರ್ಚಿ. ಸಮನಾಗಿ ಹಂಚಿದರೆ ಜಿಲ್ಲೆಗೆ ಒಂದು ಕೊಟ್ಟು ಮೂರು ಮಿಗಬೇಕು.

2023ರ ಮೇನಲ್ಲಿ ಕಾಂಗ್ರೆಸ್ 135 ಗೆದ್ದು ಯಾರ ಹಂಗೂ ಇಲ್ಲದ ಸರ್ಕಾರ ಮಾಡಿತು. ಮೇ 27ಕ್ಕೆ 34 ಕುರ್ಚಿಗಳೂ ತುಂಬಿದವು, ಮೈತ್ರಿ ಸರ್ಕಾರದ 426 ದಿನಗಳಲ್ಲಿ ಆಗದ್ದು ಒಂದು ವಾರದಲ್ಲಿ ಆಯಿತು. ಬಳ್ಳಾರಿ ಜಿಲ್ಲೆಯ ಐದಕ್ಕೆ ಐದೂ ಆ ಪಕ್ಷಕ್ಕೆ ಹೋಗಿದ್ದವು, ಸಚಿವರು ಒಬ್ಬರಾದರು, ಬಿ. ನಾಗೇಂದ್ರ. ಸಂಡೂರಿನಿಂದ ನಾಲ್ಕನೇ ಬಾರಿ ಗೆದ್ದ ತುಕಾರಾಂ ಹೊರಗುಳಿದು ಮರುವರ್ಷ ಲೋಕಸಭೆಗೆ ಹೋದರು. ಹೊಸ ವಿಜಯನಗರ ಜಿಲ್ಲೆಯ ಐದು ಕ್ಷೇತ್ರಗಳಿಂದ ಸಂಪುಟಕ್ಕೆ ಒಬ್ಬರೂ ಹೋಗಲಿಲ್ಲ. ಅದರ ಉಸ್ತುವಾರಿಗೆ ನೇಮಕವಾದವರು ಬೆಂಗಳೂರಿನ ಚಾಮರಾಜಪೇಟೆಯ ಶಾಸಕ ಜಮೀರ್ ಅಹ್ಮದ್ ಖಾನ್.